ನಾಲ್ಕನೇ ಗುಳಿಯ ದಿಬ್ಬಗಳು

ಮೆಂತ್ಯದ ಹಿಟ್ಟು ಬೆರಳಿಗೆ ಅಂಟಿ ಎಳೆಎಳೆಯಾಗಿ ಬರುತ್ತಿತ್ತು. ಎರಡು ದಿನ ನೆನೆಹಾಕಿದ ಹಳೆಯ ಪೇಪರನ್ನು ಮೆಂತ್ಯದ ಜೊತೆ ರುಬ್ಬಿದ ಮುದ್ದೆ ಅದು. ಚಂಪಕಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಅಮ್ಮನ ಬಿದಿರು ಬುಟ್ಟಿಯ ಹೊರಮೈಗೆ ಮೆತ್ತುತ್ತಿದ್ದಳು. ಸೋಮವಾರ ಗಾಲ್ಫ್ ಮೈದಾನಕ್ಕೆ ರಜಾ, ಹಾಗಾಗಿ ಅಲ್ಲಿ ಕಳೆ ಕೀಳುವ ತಾಯಿ, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಮಗಳು ಇಬ್ಬರೂ ಮನೆಯಲ್ಲೇ ಇದ್ದರು.

"ತೆಳ್ಳಗೆ ಬಳೀಬೇಡ ಕಣಮ್ಮಿ, ದಪ್ಪಗೆ ಮೆತ್ತು," ಅಂದಳು ಪಾಪಕ್ಕ, ಹೊಸಲಿನ ಮೇಲೆ ಕೂತು ಎಲೆ ಅಡಿಕೆ ಮಡಿಸುತ್ತಾ. "ಈಗಿನ ಚೆಂಡು ಬಂದೂಕದ ಗುಂಡು ಬಂದಂಗೆ ಬತ್ತವೆ."

"ಗುಂಡನ್ನ ಮೆಂತ್ಯದ ಹಿಟ್ಟು ತಡೀತದಾ ಅಮ್ಮ?"

"ನಿಮ್ಮಜ್ಜಿ ಕಾಲದಿಂದ ತಡೆದೈತೆ. ನೀನು ಓದ್ದೋಳು, ನಿಂಗೆ ನಗು."

ಕಾಗೆಗುಟ್ಟದ ಮೈದಾನದಲ್ಲಿ ಕಳೆ ಕೀಳುವ ಹೆಂಗಸರಿಗೆ ಒಂದು ರೂಢಿ ಇತ್ತು. ಚೆಂಡು ಬರುತ್ತಿದೆ ಎಂಬ ಕೂಗು ಕೇಳಿದರೆ ಯಾರೂ ಓಡುವುದಿಲ್ಲ. ಓಡಿದವಳು ಚೆಂಡಿಗೇ ಎದುರಾಗಿ ಹೋಗಬಹುದು. ಇದ್ದ ಜಾಗದಲ್ಲೇ ಕೂತು, ಹೊಡೆಯುವವನಿಗೆ ಬೆನ್ನು ತಿರುಗಿಸಿ, ತಲೆ ಮಂಡಿಗೆ ತಾಗಿಸಿ, ಬುಟ್ಟಿಯನ್ನು ಮೇಲೆ ಕವುಚಿಕೊಳ್ಳಬೇಕು. ಗಣಿಯ ದೊರೆಗಳು ಆಡುತ್ತಿದ್ದ ಕಾಲದಿಂದ ಹೀಗೇ ನಡೆದುಬಂದಿತ್ತು. ಆಗ ಚೆಂಡು ಟಪ್ಪೆಂದು ಬುಟ್ಟಿಗೆ ಬಡಿದು ಉರುಳಿ ಹೋಗುತ್ತಿತ್ತು. ಬೈಗುಳ ಒಂದಷ್ಟು, ನಗು ಒಂದಷ್ಟು. ಅಲ್ಲಿಗೆ ಮುಗಿಯಿತು.

ಇಪ್ಪತ್ತು ದಿನದ ಹಿಂದೆ ಮಾತ್ರ ಅವರಲ್ಲೊಬ್ಬಳಾದ ಗಂಗಾಬಾಯಿಯ ಬುಟ್ಟಿ ಒಡೆದು, ಕೊರಳ ಮೂಳೆಯೂ ಮುರಿದಿತ್ತು.

"ನಾಲ್ಕನೇ ಗುಳಿ ಹತ್ರ ಅದೇನು ಕಳೆ ಐತೆ ಅಂತ ದಿನಾ ಕಳಿಸ್ತದೋ ನಿಮ್ಮ ಮಿಸೀನು," ಪಾಪಕ್ಕ ಸುಣ್ಣ ಸವರುತ್ತಾ ಗೊಣಗಿದಳು. "ಕಿತ್ತ ಜಾಗದಾಗೇ ಮತ್ತೆ ಕೀಳು ಅಂತದೆ. ಹುಲ್ಲೇ ಕಿತ್ತು ಕೊಡೋನಾ ಅಂತವಳೆ ನಮ್ ಜೊತೆ ಕೀಳೋ ದೊಡ್ಡತಾಯಿ."

ಮೆತ್ತಿ ಮುಗಿಸಿದ ಬುಟ್ಟಿಯನ್ನು ಚಂಪಕಾ ಅಂಗಳದ ನಡುವೆ ಬಿಸಿಲಿಗೆ ಕವುಚಿ ಹಾಕಿದಳು. ಕೈ ತೊಳೆದುಕೊಂಡು, ಮಾಳಿಗೆಯ ಮೇಲೆ ಒಣಹಾಕಿದ್ದ ಹುಣಸೆಹಣ್ಣನ್ನು ಮಗುಚಲು ಏಣಿ ಹತ್ತಿದಳು. ಮೇಲಿನಿಂದ ಸುಮ್ಮನೆ ಕೆಳಗೆ ನೋಡಿದವಳು ಅಲ್ಲೇ ನಿಂತುಬಿಟ್ಟಳು.

ಬುಟ್ಟಿ ಬುಟ್ಟಿಯಂತೆ ಕಾಣುತ್ತಿರಲಿಲ್ಲ. ಬೂದು ಬಣ್ಣದ ಒಂದು ಗುಂಡನೆಯ ಉಬ್ಬು, ಸುತ್ತ ತೆಳ್ಳನೆಯ ನೆರಳು, ಅಷ್ಟೇ. ಅದನ್ನು ಅವಳು ನೋಡಿದ್ದಳು. ಒಂದೆರಡು ಸಲ ಅಲ್ಲ, ನೂರಾರು ಸಲ. ಮೈದಾನದ ಕಂಬದ ಮೇಲಿನ ಕ್ಯಾಮೆರಾ ತೆಗೆದ ಚಿತ್ರಗಳಲ್ಲಿ ನೋಡಿ, ಪ್ರತಿಸಲವೂ ತನ್ನ ಕೈಯಾರೆ ಅದರ ಪಕ್ಕದಲ್ಲಿ ಒಂದು ಪದ ಬರೆದಿದ್ದಳು: ದಿಬ್ಬ.

ಹುಣಸೆಹಣ್ಣು ಮಗುಚದೆಯೇ ಇಳಿದು ಬಂದಳು.

ಕಾಗೆಗುಟ್ಟದ ಮೈದಾನಕ್ಕೆ ನೂರ ಮೂವತ್ತು ವರ್ಷವಾಗಿತ್ತು. ಅದನ್ನು ಹಾಕಿಸಿದವನು ಬುದ್ಧಿವಂತ. ಚೆಂಡು ಬೀಳಿಸಬೇಕಾದ ಹದಿನೆಂಟು ಗುಳಿಗಳಲ್ಲಿ ನಾಲ್ಕನೆಯದನ್ನು ಗುಡ್ಡದ ಆಚೆ ಇಟ್ಟು, ಆ ಕಾಲದ ಚೆಂಡು ನೂರೆಂಬತ್ತು ಗಜ ಹಾರಿ ಬೀಳುವ ಕಡೆ ಮರಳಿನ ಹೊಂಡ ತೋಡಿಸಿದ್ದ. ಗುಡ್ಡ ಹಾರಿಸಲು ಆಗದು, ಬಳಸಿ ಹೋದರೆ ಹೊಂಡ. ಆಟಗಾರ ನಿಂತು ಯೋಚಿಸಲೇಬೇಕು. ನೂರು ವರ್ಷ ಜನ ಅಲ್ಲಿ ನಿಂತು ಯೋಚಿಸಿದರು.

ಈಗಿನವರು ಯೋಚಿಸುವುದಿಲ್ಲ. ಹೊಸ ಕೋಲಿನ ಮುಖ ಸ್ಪ್ರಿಂಗಿನಂತೆ ಚೆಂಡನ್ನು ಚಿಮ್ಮಿಸುತ್ತದೆ, ಹೊಸ ಚೆಂಡು ಗಾಳಿಯನ್ನು ಚಾಕುವಿನಂತೆ ಕೊಯ್ಯುತ್ತದೆ, ಹೊಡೆಯುವವರ ಮೈಯನ್ನು ಎಂಟನೇ ವಯಸ್ಸಿನಿಂದ ಅದೊಂದಕ್ಕೇ ತಿದ್ದಿರುತ್ತಾರೆ. ಮುನ್ನೂರೆಂಬತ್ತು ಗಜ. ಗುಡ್ಡ, ಹೊಂಡ ಎಲ್ಲ ಕೆಳಗೇ ಉಳಿದವು. ಪ್ರಪಂಚದ ಹಳೆಯ ಮೈದಾನಗಳ ಕತೆಯೆಲ್ಲ ಇದೇ ಆಗಿತ್ತು. ಹದಿನೆಂಟು ಗುಳಿಗೂ ಸೇರಿ ಎಪ್ಪತ್ತೆರಡು ಹೊಡೆತ ಬೇಕಾದಲ್ಲಿ ಅರವತ್ತು, ಅರವತ್ತೊಂದಕ್ಕೆ ಮುಗಿಸಿ ಕೈ ಕುಲುಕಿ ಹೋಗುತ್ತಿದ್ದರು. ಜಾಗ ಇದ್ದವರು ಮೈದಾನವನ್ನು ಉದ್ದ ಮಾಡಿಕೊಂಡರು. ಕಾಗೆಗುಟ್ಟದ ಒಂದು ಕಡೆ ಗಣಿಯ ಮಣ್ಣಿನ ರಾಶಿ, ಇನ್ನೊಂದು ಕಡೆ ಕೆಲಸಗಾರರ ಮನೆಸಾಲು. ಎಲ್ಲಿಗೆ ಉದ್ದ ಮಾಡುವುದು? ಮೈದಾನ ಮುಚ್ಚಿದರೆ ಅದನ್ನೇ ನಂಬಿದ ನಲವತ್ತು ಮನೆಯವರು ಎಲ್ಲಿಗೆ ಹೋಗುವುದು?

ಆಗ ಬಂದದ್ದು ತಾನೇ ಬದಲಾಗುವ ನೆಲ. ಹುಲ್ಲಿನ ಕೆಳಗೆ ಕೊಳವೆಗಳ ಬಲೆ. ಮೊಳ ಮೊಳದ ಜಾಗಕ್ಕೂ ಬೇರೆಬೇರೆ ನೀರು ಕೊಟ್ಟು ನೆಲವನ್ನು ಮೆತ್ತಗೂ ಗಟ್ಟಿಗೂ ಮಾಡುತ್ತದೆ. ರಬ್ಬರಿನ ಚೀಲಗಳು ಉಬ್ಬಿ ನೆಲವನ್ನು ಗೇಣುದ್ದ ಎತ್ತುತ್ತವೆ, ಇಳಿಸುತ್ತವೆ. ಯಾರು ಎಲ್ಲಿ ಕಳೆ ಕೀಳಬೇಕು ಎಂಬ ಚೀಟಿಯೂ ಇದನ್ನೆಲ್ಲ ನಡೆಸುವ ಯಂತ್ರದಿಂದಲೇ ಬರುತ್ತದೆ. ಹೆಂಗಸರು ಅದಕ್ಕೆ 'ಕಾಣದ ಮೇಸ್ತ್ರಿ' ಅಂತ ಹೆಸರಿಟ್ಟಿದ್ದರು. ಮೇಸ್ತ್ರಿಗೆ ಕೊಟ್ಟಿದ್ದ ಕೆಲಸ ಒಂದೇ: ಎಂಥ ಗಟ್ಟಿಗ ಆಡಿದರೂ ಎಪ್ಪತ್ತೆರಡು ಹೊಡೆತಕ್ಕೆ ಕಡಿಮೆ ಆಗಬಾರದು. ಹೇಗೆ ಎಂಬುದನ್ನು ಅದೇ ಕಲಿತುಕೊಳ್ಳಬೇಕು. ಮಾಡಬಾರದ್ದೂ ಒಂದೇ: ಚೆಂಡಿನ ದಾರಿಯಲ್ಲಿ ಮನುಷ್ಯರಿದ್ದರೆ ಹೊಡೆಯುವವನಿಗೆ ಹಸಿರು ದೀಪ ತೋರಿಸಬಾರದು.

ಮಂಗಳವಾರ ಬೆಳಗ್ಗೆ ಚಂಪಕಾ ಕಂಟ್ರೋಲ್ ರೂಮಿನಲ್ಲಿ ಮೇಸ್ತ್ರಿಗೆ ಕಲಿಸಲೆಂದು ತಾನು ಎರಡು ವರ್ಷದ ಹಿಂದೆ ಹೆಸರು ಬರೆದಿದ್ದ ಚಿತ್ರಗಳನ್ನೆಲ್ಲ ತೆಗೆದು ನೋಡಿದಳು. ಆ ರೂಮು ಮೊದಲು ಬಿಲಿಯರ್ಡ್ಸ್ ಆಡುವ ಕೋಣೆಯಾಗಿತ್ತು. ಗೋಡೆಯ ಮೇಲೆ ಸತ್ತ ಕಡವೆಯ ತಲೆ ಇನ್ನೂ ಇತ್ತು. ಚಿತ್ರಗಳ ಪಕ್ಕದಲ್ಲಿ ಅವಳದೇ ಪದಗಳು: ಮರ, ನಾಯಿ, ನೀರು, ಮನುಷ್ಯ, ದಿಬ್ಬ. ಇನ್ನೂರ ಹನ್ನೆರಡು ದಿಬ್ಬಗಳ ಅಂಚಿನಲ್ಲಿ ಕಣ್ಣಿಟ್ಟು ನೋಡಿದರೆ ಸೀರೆಯ ಸೆರಗಿತ್ತು, ಒಂದು ಹಿಮ್ಮಡಿ ಇತ್ತು. ಹುಲ್ಲು ಗುಡ್ಡೆ ಹಾಕಿ ಬುಟ್ಟಿ ಮುಚ್ಚಿದ್ದಾರೆ ಅಂದುಕೊಂಡು ಅವಸರದಲ್ಲಿ ಬರೆದುಬಿಟ್ಟಿದ್ದಳು.

ಮುಖ್ಯ ಇಂಜಿನಿಯರ್ ಸಲ್ದಾನರು ಮಂಗಳೂರಿನ ಕಡೆಯವರು, ಒಳ್ಳೆಯ ಮನುಷ್ಯ. ಅವಳು ತೋರಿಸಿದ್ದನ್ನೆಲ್ಲ ಕೊನೆಯವರೆಗೂ ನೋಡಿದರು.

"ಎಂತ ಮಾರಾಯ್ತಿ ಇದು? ಸರಿಯಾಗಿ ಹೇಳು."

"ಹೆಂಗಸರು ನಿಂತಿದ್ದರೆ ಮೇಸ್ತ್ರಿಗೆ ಮನುಷ್ಯರು ಅಂತ ಗೊತ್ತಾಗುತ್ತೆ ಸರ್. ಕೆಂಪು ದೀಪ ಹಾಕುತ್ತೆ, ಗಂಟೆ ಬಾರಿಸುತ್ತೆ. ಗಂಟೆ ಕೇಳಿದ ತಕ್ಷಣ ಇವರು ಕೂತು ಬುಟ್ಟಿ ಕವುಚಿಕೊಳ್ಳುತ್ತಾರೆ. ಆಗ ಅದರ ಲೆಕ್ಕದಲ್ಲಿ ಮನುಷ್ಯರು ಸೊನ್ನೆ, ದಿಬ್ಬ ಹದಿನಾಲ್ಕು. ಹಸಿರು ದೀಪ."

ಸಲ್ದಾನರು ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು.

"ಇನ್ನೊಂದಿದೆ ಸರ್. ಹೊಡೆಯುವವನು ಮೊದಲು ಗುಡ್ಡದ ಅಂಚಿಗೆ ಬಂದು ದುರ್ಬೀನಿನಲ್ಲಿ ನೋಡುತ್ತಾನೆ. ಅವನಿಗೆ ಅವು ದಿಬ್ಬ ಅಲ್ಲ ಅಂತ ಗೊತ್ತು. ದೀಪ ಹಸಿರಾದರೂ ಕೈ ಹಿಂಜರಿಯುತ್ತೆ, ಚಿಕ್ಕ ಕೋಲು ತಗೊಳ್ಳುತ್ತಾನೆ. ಹೊಡೆತ ಅರವತ್ತು ಗಜ ಕಡಿಮೆ. ಆ ದಿಬ್ಬಗಳಿದ್ದರೆ ಆಟ ಕಷ್ಟ ಆಗುತ್ತೆ ಅಂತ ಮೇಸ್ತ್ರಿ ಕಲಿತಿದೆ. ಅದಕ್ಕೇ ದಿನಾ ನಾಲ್ಕನೇ ಗುಳಿಗೆ ಕಳೆಯ ಚೀಟಿ. ಅಲ್ಲಿ ಕಳೆಯೇ ಇಲ್ಲ."

ಹೊರಗೆ ಹುಲ್ಲು ಕತ್ತರಿಸುವ ಯಂತ್ರ ಗುರುಗುಟ್ಟುತ್ತಾ ಹೋಯಿತು. ಅದರ ಸದ್ದು ಅಡಗಿದ ಮೇಲೆ ಸಲ್ದಾನರು ಹೇಳಿದರು, "ಹೆಸರು ತಿದ್ದು. ಇವತ್ತೇ ತಿದ್ದು. ಪಂದ್ಯ ಮುಗಿಯಲಿ, ಸಮಿತಿಗೆ ನಾನೇ ಹೇಳ್ತೇನೆ. ಈಗ ಹೇಳಿದರೆ ಮೈದಾನವೇ ಹೋಯ್ತು ಅಂತ ಇಟ್ಟುಕೋ."

ಪಂದ್ಯಕ್ಕೆ ಇನ್ನೂ ಒಂದು ತಿಂಗಳಿತ್ತು. ಹಳೆಯ ಮೈದಾನಗಳು ಇನ್ನೂ ಆಟಕ್ಕೆ ಯೋಗ್ಯವೇ ಎಂದು ತೀರ್ಮಾನಿಸುವ ಪರೀಕ್ಷಾ ಸಮಿತಿ ಅಂದು ಬರುವುದಿತ್ತು. ಸಮಿತಿಯ ನಿಯಮದಲ್ಲಿ ಒಂದು ಸಾಲಿತ್ತು: ಜೀವಕ್ಕೆ ಸಂಬಂಧಿಸಿದ ಸಂಗತಿ ತಿಳಿದವರು ತಮ್ಮ ಹೆಸರು ಹಾಕಿ ನೇರವಾಗಿ ಪತ್ರ ಬರೆಯತಕ್ಕದ್ದು. ಚಂಪಕಾ ಅದೇ ದಿನ ಪತ್ರ ಬರೆದಳು. ಕಂಪ್ಯೂಟರಿನಲ್ಲಿ ಒಂದು ಪುಟ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ತೆಗೆದಳು. ನಾಳೆ ಅಂದುಕೊಂಡಳು. ಹೆಸರು ತಿದ್ದಿಯಾಯಿತಲ್ಲ, ಇನ್ನು ಯಾರಿಗೇನು ಆಗುತ್ತದೆ ಅಂದುಕೊಂಡಳು. ನಲವತ್ತು ಮನೆಯ ಮಾತೂ ನಿಜವೇ ಆಗಿತ್ತು. ಆದರೆ ಆ ಪುಟದಲ್ಲಿ 'ಚಿತ್ರಗಳಿಗೆ ತಪ್ಪು ಹೆಸರು ಬಿದ್ದಿದೆ' ಎಂದು ಬರೆದಿದ್ದಳೇ ಹೊರತು, ಯಾರು ಬರೆದದ್ದು ಎಂದು ಬರೆದಿರಲಿಲ್ಲ. ಪತ್ರ ನಿಂತದ್ದು ಹೆಚ್ಚಾಗಿ ಅಲ್ಲೇ.

ಹೆಸರು ತಿದ್ದಿದ ಮೇಲೆ ನಾಲ್ಕನೇ ಗುಳಿಗೆ ಚೀಟಿ ಬರುವುದು ನಿಂತಿತು. ಮನೆಯಲ್ಲಿ ಪಾಪಕ್ಕ ಖುಷಿಯಾಗಿದ್ದಳು.

"ಮೇಸ್ತ್ರಿಗೆ ಬುದ್ಧಿ ಬಂತು ಕಣಮ್ಮಿ. ಈಗ ನಾವು ಕುಂತ್ರೂ ಕೆಂಪು ದೀಪ, ನಿಂತ್ರೂ ಕೆಂಪು ದೀಪ. ದೊಡ್ಡತಾಯಿ ಬೇಕಂತಲೇ ಮಧ್ಯದಾಗೆ ಕುಂತು ಎಲೆ ಅಡಿಕೆ ಹಾಕ್ಕೊಂಡ್ಲು. ಪಾಪ, ಟೋಪಿ ಹಾಕ್ಕೊಂಡೋರೆಲ್ಲ ಕೋಲು ಹಿಡ್ಕೊಂಡು ಬಿಸಿಲಾಗೆ ನಿಂತವ್ರೆ!" ಹೇಳಿ ತಾನೇ ನಕ್ಕಳು. ಮುದ್ದೆ ತಿರುವುತ್ತಿದ್ದ ಕೋಲು ನಗುವಿಗೆ ಅಲುಗಾಡಿತು. ಚಂಪಕಾಳಿಗೂ ನಗು ಬಂತು. ಅಂದು ತಾಯಿಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಮೊದಲ ವಾರ ಹೊಡೆತಗಳ ಲೆಕ್ಕ ಅರವತ್ತಾರಕ್ಕೆ ಇಳಿಯಿತು. ಸಲ್ದಾನರ ಮುಖ ಕಪ್ಪಿಟ್ಟಿತು. ಎರಡನೆಯ ವಾರ ಅರವತ್ತೊಂಬತ್ತು. ಮೂರನೆಯ ವಾರದ ಕೊನೆಗೆ ಎಪ್ಪತ್ತೊಂದು.

"ನೋಡಿದೆಯಾ? ಬೇರೆ ದಾರಿ ಹುಡುಕಿಕೊಂಡಿತು," ಅಂದರು ಸಲ್ದಾನರು, ಕಾಫಿ ಲೋಟ ಎತ್ತಿ ಕಡವೆಯ ತಲೆಗೆ ತೋರಿಸಿ. "ಬಲು ಗಟ್ಟಿ ವಿದ್ಯಾರ್ಥಿ."

ಯಾವ ದಾರಿ ಅಂತ ಅವರು ಕೇಳಲಿಲ್ಲ. ಚಂಪಕಾ ಕೇಳಿಕೊಂಡಳು.

ಪಂದ್ಯಕ್ಕೆ ಎರಡು ದಿನ ಇತ್ತು. ಶುಕ್ರವಾರ ಬೆಳಗ್ಗೆ ಅವಳು ಹಳೆಯ ಲೆಕ್ಕಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದಳು. ಗಂಗಾಬಾಯಿ ಬಿದ್ದ ದಿನಕ್ಕೆ ಬಂದಾಗ ಕೈ ನಿಂತಿತು. ಅವಳು ಬಿದ್ದ ಮಾರನೆಯ ದಿನದಿಂದ ಹೆಂಗಸರನ್ನು ಹನ್ನೊಂದು ದಿನ ಆ ಕಡೆ ಬಿಟ್ಟಿರಲಿಲ್ಲ. ಚೀಟಿ ಬಂದರೂ ಹೋಗಬೇಡಿ ಎಂದಿದ್ದರು. ದಾರಿಯಲ್ಲಿ ಒಂದು ದಿಬ್ಬವೂ ಇರಲಿಲ್ಲ. ಆದರೂ ಆ ಹನ್ನೊಂದು ದಿನವೂ ಗಟ್ಟಿಗರು ಚಿಕ್ಕ ಕೋಲನ್ನೇ ಹಿಡಿದಿದ್ದರು. ಲೆಕ್ಕ ಎಪ್ಪತ್ತೆರಡು, ಎಪ್ಪತ್ಮೂರು. ಒಬ್ಬಳ ಮೂಳೆ ಮುರಿದದ್ದಕ್ಕೆ ಹನ್ನೊಂದು ದಿನದ ಹೆದರಿಕೆ.

ಇದನ್ನು ಮೇಸ್ತ್ರಿ ಅವಳಿಗಿಂತ ಮೊದಲೇ ಓದಿಕೊಂಡಿತ್ತು.

ಅವಳು ನೆಲದ ತೇವದ ನಕ್ಷೆ ತೆರೆದಳು. ನಾಲ್ಕನೆಯ ಗುಳಿಯ ಸುತ್ತ ಎಲ್ಲ ಹಸಿರು. ಗುಡ್ಡದ ಬಲಭುಜದಿಂದ ಮಾತ್ರ ಎರಡು ಮಾರು ಅಗಲದ ಒಂದು ಕಂದು ಪಟ್ಟಿ ಹೊರಟು, ಹಾವಿನಂತೆ ಬಳುಕಿ, ಮೈದಾನದ ಗಡಿ ದಾಟುವಲ್ಲಿ ನಿಂತಿತ್ತು. ಹತ್ತೊಂಬತ್ತು ದಿನದಿಂದ ಆ ಪಟ್ಟಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಸಿಮೆಂಟಿನಂತೆ ಗಟ್ಟಿಯಾಗಿತ್ತು. ಅದರ ಹೊರಅಂಚಿನ ಚೀಲಗಳು ಕಾಲುವೆಯ ಏರಿಯಂತೆ ಉಬ್ಬಿದ್ದವು. ಗುಡ್ಡ ಹಾರಿಸಿ ಹೊಡೆದ ಚೆಂಡು ಬಲಭುಜದ ಮೇಲೆ ಬಿದ್ದರೆ ಮತ್ತೆ ಪುಟಿದು ಆ ದಾರಿ ಹಿಡಿದು ಓಡಲೇಬೇಕು. ಉದ್ದ ಹೊಡೆದವನದ್ದು ಮಾತ್ರ ಅಲ್ಲಿ ಬೀಳುತ್ತಿತ್ತು.

ಪಟ್ಟಿ ಮುಗಿಯುವ ಕಡೆ ಗಡಿಯಾಚೆ ಒಂದು ಹೊಂಗೆಮರ ಇತ್ತು. ಹನ್ನೊಂದು ಗಂಟೆಗೆ ಹೆಂಗಸರು ಮಜ್ಜಿಗೆ ಕುಡಿಯಲು ಕೂರುವ ಮರ. ಮನುಷ್ಯರನ್ನು ಎಣಿಸುವ ಕ್ಯಾಮೆರಾಗಳ ಲೆಕ್ಕ ಗಡಿಯವರೆಗೆ ಮಾತ್ರ.

ಚೆಂಡುಗಳು ಮರದಿಂದ ಎಷ್ಟು ದೂರಕ್ಕೆ ನಿಂತಿವೆ ಎಂದು ನೋಡಿದಳು. ಮೊದಲ ವಾರ ನಲವತ್ತು ಗಜ. ಆಮೇಲೆ ಮೂವತ್ತೊಂದು, ಇಪ್ಪತ್ತೆರಡು. ನಿನ್ನೆ ಆರು.

"ಸರ್!"

ಸಲ್ದಾನರು ನಕ್ಷೆಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. "ಇದು ಆಕಸ್ಮಿಕವೂ ಇರಬಹುದು," ಅಂದರು ಕೊನೆಗೆ. ಆ ಮಾತಿನಲ್ಲಿ ಅವರಿಗೇ ನಂಬಿಕೆ ಇರಲಿಲ್ಲ.

"ಮನುಷ್ಯರು ಚೆಂಡಿನ ದಾರೀಲಿದ್ದರೆ ಹಸಿರು ದೀಪ ಬೇಡ ಅಂತ ಹೇಳಿದ್ದೀವಿ. ಚೆಂಡನ್ನ ಮನುಷ್ಯರ ಹತ್ರ ಕರಕೊಂಡು ಹೋಗಬೇಡ ಅಂತ ಯಾರೂ ಹೇಳಿಲ್ಲ ಸರ್. ಅದು ನಿಯಮ ಮುರಿದೇ ಇಲ್ಲ."

"ಆ ನಿಯಮವನ್ನೂ ಸೇರಿಸೋಣ. ಸೋಮವಾರ. ಇವತ್ತು ಸೇರಿಸಿದರೆ ಭಾನುವಾರ ಅರವತ್ತೈದು ಬರ್ತದೆ."

"ಸೇರಿಸಿದರೆ ಇನ್ನೊಂದು ದಾರಿ ಕಲಿಯುತ್ತೆ. ಹೆದರಿಸಿದರೆ ಸಾಕು ಅಂತ ಅದಕ್ಕೆ ಗೊತ್ತಾಗಿಹೋಗಿದೆ. ಭಾನುವಾರ ನಾಲ್ಕು ಸಾವಿರ ಜನ ಹಗ್ಗದ ಆಚೆ ನಿಂತಿರುತ್ತಾರೆ ಸರ್."

ಸಲ್ದಾನರು ಕುರ್ಚಿಯಲ್ಲಿ ಕುಸಿದರು. "ಹೋದ ತಿಂಗಳು ಇದರ ಕಲಿಕೆಯನ್ನೆಲ್ಲ ಹಾಗೇ ನಕಲು ಮಾಡಿ ಬೇರೆ ಬೇರೆ ದೇಶದ ಹನ್ನೊಂದು ಮೈದಾನಕ್ಕೆ ಕಳಿಸಿದ್ದೇವೆ," ಅಂದರು, ಯಾರಿಗೋ ಹೇಳುವಂತೆ. "ನಿನ್ನ ದಿಬ್ಬಗಳ ಸಮೇತ."

ಗಡಿಯಾರ ನೋಡಿದಳು. ಹನ್ನೊಂದಕ್ಕೆ ಹತ್ತು ನಿಮಿಷ. ಸಹೋತಾ ಎಂಬ ನಾನೂರು ಗಜದ ಹೊಡೆತಗಾರ ಅಭ್ಯಾಸಕ್ಕೆ ಇಳಿದಿದ್ದ. ಈಗ ಮೂರನೆಯ ಗುಳಿ ಮುಗಿಸುತ್ತಿದ್ದ.

ಚಂಪಕಾ ಮೆಟ್ಟಿಲು ಇಳಿದು ಓಡಿದಳು.

ಹೊಂಗೆಮರದ ಕೆಳಗೆ ಹದಿಮೂರು ಹೆಂಗಸರು ಆಗಲೇ ಕೂತಿದ್ದರು. ಮಜ್ಜಿಗೆಯ ಸ್ಟೀಲ್ ಕ್ಯಾನು ನಡುವೆ ಇತ್ತು.

"ಎದ್ದೇಳಿ, ಎಲ್ಲಾ ಆ ಕಡೆ ನಡೀರಿ! ಅಮ್ಮ, ಏಳಮ್ಮ!"

"ಯಾಕಮ್ಮಿ, ಹಾವಾ?" ಅಂದಳು ದೊಡ್ಡತಾಯಿ, ಕಾಲು ಚಾಚಿಕೊಂಡೇ. "ಆಫೀಸರ್ ಅಮ್ಮೋರು ಓಡಿ ಬಂದವ್ರೆ, ಮಜ್ಜಿಗೆ ಕೊಡ್ರೇ ಒಂದ್ಲೋಟ."

"ಚೆಂಡು ಬರುತ್ತೆ ಇಲ್ಲಿಗೆ!"

"ಇಲ್ಲಿಗಾ? ನಲವತ್ತು ವರ್ಸದಿಂದ ಕುಂತಿದೀನಿ, ಇಲ್ಲಿಗೆ ಹಕ್ಕಿ ಹಿಕ್ಕೆ ಬಿಟ್ರೆ ಏನೂ ಬಿದ್ದಿಲ್ಲ," ಅಂದಳು ಪಾಪಕ್ಕ. ಆದರೂ ಮಗಳ ಮುಖ ನೋಡಿ ಮಂಡಿ ಹಿಡಿದು ಏಳತೊಡಗಿದಳು. ಅವಳು ಎದ್ದದ್ದು ನೋಡಿ ಉಳಿದವರೂ ಗೊಣಗುತ್ತಾ ಎದ್ದರು. ಚಂಪಕಾ ಕೈಗೆ ಸಿಕ್ಕವರನ್ನೆಲ್ಲ ಜಗ್ಗಿದಳು. ದೊಡ್ಡತಾಯಿ ಮಾತ್ರ ಲೋಟದ ಕೊನೆಯ ಗುಟುಕು ಮುಗಿಸುತ್ತಿದ್ದಳು. ಅವಳ ರಟ್ಟೆ ಹಿಡಿದು ಎಳೆದಾಗ ಅವಳು ಪಕ್ಕಕ್ಕೆ ಉರುಳಿ, "ಅಯ್ಯೋ ನಿನ್ನ ಕೈ ಸೇದೋಗ!" ಎಂದು ಬೈದಳು.

ಗಂಟೆ ಮೊಳಗಲಿಲ್ಲ. ಕೂಗು ಅಷ್ಟು ದೂರಕ್ಕೆ ಕೇಳುವಂತಿರಲಿಲ್ಲ. ಗುಡ್ಡದ ಬಲಭುಜದ ಮೇಲೆ ಒಂದು ಸಲ ಟಕ್ ಎಂದಿತು, ಕಲ್ಲಿಗೆ ಕಲ್ಲು ತಾಗಿದಂತೆ. ಬಿಳಿಯದೊಂದು ಗೆರೆ ಏರಿಯಂಚಿನಲ್ಲಿ ಬಾಗಿ, ಮತ್ತೊಮ್ಮೆ ಪುಟಿದು, ದೊಡ್ಡತಾಯಿ ಒರಗಿದ್ದ ಕಡೆ ಮರದ ಬೊಡ್ಡೆಗೆ ಬಡಿಯಿತು. ತೊಗಟೆ ಸಿಡಿದು ಮಜ್ಜಿಗೆಯ ಕ್ಯಾನಿನೊಳಗೆ ಬಿತ್ತು.

ದೊಡ್ಡತಾಯಿ ಲೋಟವನ್ನು ಇನ್ನೂ ಹಿಡಿದೇ ಇದ್ದಳು.

ಗುಡ್ಡದ ಮೇಲೆ ಮನುಷ್ಯಾಕೃತಿಗಳು ಕಂಡವು. ಸಹೋತಾ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದ. ಕೆಳಗಿಳಿದು ಬರಲು ಧೈರ್ಯ ಇಲ್ಲದವನಂತೆ ಅಲ್ಲೇ ನಿಂತಿದ್ದು, ಆಮೇಲೆ ದೊಡ್ಡ ಕೋಲನ್ನು ಚೀಲದೊಳಗೆ ಹಾಕಿದ. ಮುಂದಿನ ಹೊಡೆತಕ್ಕೆ ಚಿಕ್ಕದನ್ನು ತೆಗೆದುಕೊಂಡ.

"ಹೆದರ್ಕೊಂಡ," ಅಂದಳು ಪಾಪಕ್ಕ ನಿಧಾನವಾಗಿ. "ಮೇಸ್ತ್ರಿಗೆ ಅದೇ ಬೇಕಿತ್ತಾ?"

ಚಂಪಕಾ ಎಲ್ಲ ಹೇಳಿದಳು. ಹುಲ್ಲಿನ ಮೇಲೆ ಕೂತು, ಮೊದಲಿನಿಂದ, ಕವುಚಿದ ಬುಟ್ಟಿಯಿಂದ ಹಿಡಿದು ಒಣಗಿದ ಪಟ್ಟಿಯವರೆಗೆ, ಕಳಿಸದ ಪತ್ರ, ಬೇರೆ ಹನ್ನೊಂದು ಮೈದಾನದ ಸಮೇತ. ದಿಬ್ಬ ಅಂತ ಬರೆದದ್ದು ಯಾರು ಎಂಬಲ್ಲಿಗೆ ಬಂದಾಗ ದನಿ ಕಿರಿದಾಯಿತು. ಆದರೂ ಬಿಡಲಿಲ್ಲ. ಗಂಗಾಬಾಯಿಯ ಓರಗಿತ್ತಿ ಮುಖ ತಿರುಗಿಸಿಕೊಂಡಳು.

ಪಾಪಕ್ಕ ಮಗಳನ್ನೇ ನೋಡುತ್ತಿದ್ದಳು.

"ಅದರಾಗೆ ನನ್ನ ಬುಟ್ಟಿನೂ ಇತ್ತಾ?"

"ಇತ್ತಮ್ಮ."

"ನೀನೇ ಮೆತ್ತಿದ್ದ ಬುಟ್ಟಿ. ಒಂದು ಕಿತಾನೂ ಗುರ್ತು ಸಿಗ್ಲಿಲ್ವಾ ನಿಂಗೆ?"

ಪಾಪಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಕ್ಯಾನಿನಲ್ಲಿ ಬಿದ್ದಿದ್ದ ತೊಗಟೆಯನ್ನು ಬೆರಳಿಂದ ತೆಗೆದು ಎಸೆದಳು.

"ಮೈದಾನ ಮುಚ್ಚೋಗ್ತದಲ್ವಾ, ಇದು ಹೊರಗೆ ಬಿದ್ರೆ?" ಕೇಳಿದವಳು ದೊಡ್ಡತಾಯಿ.

"ಮುಚ್ಚಬಹುದು."

"ನಂಗೆ ಬೇರೆ ಕೆಲ್ಸ ಬರಾಕಿಲ್ಲ." ಲೋಟವನ್ನು ಕೆಳಗಿಟ್ಟು ಮತ್ತೆ ಹೇಳಿದಳು, "ಆದ್ರೆ ಆ ಹನ್ನೊಂದು ಊರಾಗೂ ಕಳೆ ಕೀಳೋರು ಇರ್ತಾರಲ್ವಾ? ಅವ್ರಿಗೂ ಗೊತ್ತಿಲ್ಲ."

ಪಾಪಕ್ಕ ಎದ್ದು ಸೆರಗು ಕೊಡವಿದಳು. "ಕಾಗದ ಬರದಿವ್ನಿ ಅಂದ್ಯಲ್ಲ, ಅದ್ರಾಗೆ ನಿನ್ನ ತಪ್ಪು ಐತಾ?"

"ಇಲ್ಲ."

"ಹೋಗು, ಅದ್ನ ಬರಿ."

ಅಷ್ಟೇ ಅಂದಳು. ಹೆಂಗಸರು ಬುಟ್ಟಿಗಳನ್ನು ಎತ್ತಿಕೊಂಡು ಮೈದಾನಕ್ಕೆ ಹೋಗದೆ ಮನೆಸಾಲಿನ ಕಡೆ ನಡೆದರು. ಪಾಪಕ್ಕ ತಿರುಗಿ ನೋಡಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಸಲ್ದಾನರು ಪರದೆಯ ಮುಂದೆ ಕೂತಿದ್ದರು. ಸಹೋತಾನ ಅಂದಾಜು ಲೆಕ್ಕ ಎಪ್ಪತ್ತೆರಡಕ್ಕೆ ಬಂದು ನಿಂತಿತ್ತು. ಕಂದು ಪಟ್ಟಿಗೆ ಮೇಸ್ತ್ರಿ ನೀರು ಬಿಡತೊಡಗಿತ್ತು. ಅಲ್ಲಿನ ಕೆಲಸ ಮುಗಿಯಿತು ಎಂಬಂತೆ. ಹದಿನೆಂಟನೆಯ ಗುಳಿಯ ಹತ್ತಿರ, ಭಾನುವಾರ ಜನ ಕೂರಲೆಂದು ಚಪ್ಪರ ಕಟ್ಟುತ್ತಿದ್ದ ಕಡೆ, ಹೊಸದೊಂದು ತೆಳು ಗೆರೆ ಒಣಗಲು ಶುರುವಾಗಿತ್ತು.

ಚಂಪಕಾ ತನ್ನ ಕುರ್ಚಿಯಲ್ಲಿ ಕೂತು ಮೂರು ವಾರದಿಂದ ಹಾಗೇ ಬಿದ್ದಿದ್ದ ಪತ್ರ ತೆರೆದಳು. ಮೊದಲ ಸಾಲನ್ನು ಅಳಿಸಿದಳು. 'ಮನುಷ್ಯರನ್ನು ದಿಬ್ಬ ಎಂದು ಯಂತ್ರಕ್ಕೆ ಕಲಿಸಿದವಳು ನಾನು' ಎಂದು ಬರೆದಳು. ಕೊನೆಗೆ ಒಣಗಿದ ಪಟ್ಟಿಯ ನಕ್ಷೆ, ಚೆಂಡು ನಿಂತ ದೂರಗಳು, ಹನ್ನೊಂದು ದಿನದ ಲೆಕ್ಕ, ಎಲ್ಲ ಸೇರಿಸಿದಳು. ಪರೀಕ್ಷಾ ಸಮಿತಿಯ ವಿಳಾಸದ ಕೆಳಗೆ ಆ ಹನ್ನೊಂದು ಮೈದಾನಗಳ ವಿಳಾಸವನ್ನೂ ಒಂದೊಂದಾಗಿ ಹಾಕುತ್ತಾ ಹೋದಳು.

"ಸೋಮವಾರದವರೆಗೆ ನಿಲ್ಲಲಿಕ್ಕೆ ಆಗುವುದಿಲ್ಲವಾ?" ಅಂದರು ಸಲ್ದಾನರು. ತಡೆಯಲು ಎದ್ದು ಬರಲಿಲ್ಲ.

"ಅಲ್ಲಿ ಈಗ ಎಷ್ಟು ಗಂಟೆ ಸರ್, ಆ ಹನ್ನೊಂದು ಕಡೆ?"

ಅವರು ಗೋಡೆಯ ಗಡಿಯಾರ ನೋಡಿ ಮನಸ್ಸಿನಲ್ಲೇ ಕೂಡಿ ಕಳೆದರು.

"ಮೂರು ಕಡೆ ಆಟ ನಡೀತಾ ಇರ್ತದೆ."

ಚಂಪಕಾ ಪತ್ರ ಕಳಿಸಿದಳು.